ಸಾಲು ತಪ್ಪಿದ ಉತ್ತರಗಳು



ಕಂಪ್ಯೂಟರ್ ತಪ್ಪು ಹೇಳೋದಿಲ್ಲ ಅಂತ ನಾವೆಲ್ಲ ನಂಬಿದ್ದೇವೆ. ಹೋದ ಸುಗ್ಗಿಯಲ್ಲಿ ನನ್ನ ಪ್ರೋಗ್ರಾಂ ನಂಬಿ ನಮ್ಮಪ್ಪ ಕಣದಲ್ಲಿ ಶೇಂಗಾ ಒಣಗಲು ಹಾಕಿದರು. ಮಧ್ಯಾಹ್ನ ಮಳೆ ಸುರಿಯಿತು. ಎರಡು ಚೀಲದಷ್ಟು ಕಾಯಿ ನೆನೆದು ಹೋಯಿತು. ತಪ್ಪು ಮಳೆಯದಲ್ಲ, ನನ್ನದು. ಹೇಗೆಂದು ಹೇಳುತ್ತೇನೆ, ಕೇಳಿ.

ನಮ್ಮದು ಚಳ್ಳಕೆರೆ ತಾಲ್ಲೂಕು. ಚಿತ್ರದುರ್ಗ ಜಿಲ್ಲೆಯ 6 ತಾಲ್ಲೂಕುಗಳ ನಾಳಿನ ಮಳೆಯ ಮುನ್ಸೂಚನೆ ತೋರಿಸುವ ಪ್ರೋಗ್ರಾಂ ಅದು. 1995ರಲ್ಲಿ ಬ್ರೆಂಡನ್ ಐಕ್ ರೂಪಿಸಿದ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಬರೆದಿದ್ದೆ. ಅದು ಇಂಟರ್‌ನೆಟ್ ಮೂಲಕ ದೂರದ ಸರ್ವರ್‌ಗೆ ಒಂದೊಂದು ತಾಲ್ಲೂಕಿಗೂ ಒಂದೊಂದು ಪ್ರಶ್ನೆ ಕಳಿಸುತ್ತದೆ. ಇದಕ್ಕೆ ರಿಕ್ವೆಸ್ಟ್ ಎನ್ನುತ್ತಾರೆ. ಉತ್ತರ ಬರಲು ಸ್ವಲ್ಪ ಹೊತ್ತು ಬೇಕು. ಜಾವಾಸ್ಕ್ರಿಪ್ಟ್ ಮಾತ್ರ ಕಾಯುತ್ತಾ ಕೂರುವುದಿಲ್ಲ, ಮುಂದಿನ ಸಾಲಿಗೆ ಹೋಗಿಬಿಡುತ್ತದೆ. ಆರು ಹುಡುಗರನ್ನು ಆರು ಮನೆಗೆ ಓಡಿಸಿದ ಹಾಗೆ. ಮೊದಲು ಹೋದವನೇ ಮೊದಲು ಬರಬೇಕು ಅಂತೇನಿಲ್ಲ. ನಾನು ಬಂದ ಬಂದ ಉತ್ತರವನ್ನು ಪಟ್ಟಿಯಲ್ಲಿ ಮೇಲಿನಿಂದ ಕೆಳಕ್ಕೆ ತುಂಬುತ್ತಾ ಹೋಗಿದ್ದೆ. ಹೊಸದುರ್ಗದ ‘ಮಳೆ ಇಲ್ಲ’ ಬಂದು ಚಳ್ಳಕೆರೆಯ ಮುಂದೆ ಕೂತಿತು!

ಇದಕ್ಕೆ ಮದ್ದು ‘ಅವೇಟ್’ ಎಂಬ ಪದ. 2017ರಲ್ಲಿ ಈ ಭಾಷೆಗೆ ಸೇರಿತು. ‘ಉತ್ತರ ಬರುವ ತನಕ ಇಲ್ಲೇ ನಿಲ್ಲು’ ಎಂದು ಅದರ ಅರ್ಥ. ಅದನ್ನು ಸಾಮಾನ್ಯವಾಗಿ ‘ಅಸಿಂಕ್’ ಎಂದು ಗುರುತು ಹಾಕಿದ ಫಂಕ್ಷನ್ ಒಳಗೆ ಬರೆಯುತ್ತಾರೆ. ಬರೆದೆ. ಆದರೂ ಪಟ್ಟಿ ಸರಿಹೋಗಲಿಲ್ಲ. ಯಾಕಂದ್ರೆ ನಾನು ಬಳಸಿದ್ದು ‘ಫಾರ್‌ಈಚ್’. ಅದು ಯಾರಿಗೂ ಕಾಯದೆ ಆರನ್ನೂ ಒಟ್ಟಿಗೇ ಓಡಿಸುತ್ತದೆ. ‘ಫಾರ್-ಆಫ್’ ಲೂಪ್‌ಗೆ ಬದಲಿಸಿದೆ. ಒಬ್ಬ ಬಂದ ಮೇಲೆ ಇನ್ನೊಬ್ಬ ಹೊರಟ. ಪಟ್ಟಿ ಸರಿಯಾಯಿತು.

ಹಾಗಂತ ಯಾವಾಗಲೂ ಸಾಲಾಗಿ ಕಳಿಸಬೇಕಿಲ್ಲ. ಊರಿನ ಅಕ್ಷಾಂಶ, ರೇಖಾಂಶ ಮೊದಲು ಕೇಳಿ, ಅದನ್ನು ಕೊಟ್ಟು ಮಳೆ ಕೇಳುವುದಾದರೆ ಕಾಯಲೇಬೇಕು. ಒಂದಕ್ಕೊಂದು ಸಂಬಂಧವಿಲ್ಲದ ಪ್ರಶ್ನೆಗಳಿಗೆ ‘ಪ್ರಾಮಿಸ್ ಆಲ್’ ಇದೆ. ಒಂದೊಂದಕ್ಕೆ 1 ಸೆಕೆಂಡ್ ಹಿಡಿದರೆ ಸಾಲಾಗಿ 6 ಸೆಕೆಂಡ್ ಬೇಕು, ಒಟ್ಟಿಗೆ ಕಳಿಸಿದರೆ ಸುಮಾರು 1 ಸೆಕೆಂಡ್ ಸಾಕು. ಉತ್ತರ ಹೇಗೇ ಬರಲಿ, ಕೇಳಿದ ಕ್ರಮದಲ್ಲೇ ಅದು ಜೋಡಿಸಿ ಕೊಡುತ್ತದೆ. ಆದರೆ ಆರರಲ್ಲಿ ಒಂದು ಕೈಕೊಟ್ಟರೂ ಇಡೀ ಕೆಲಸ ಆಗಲಿಲ್ಲ ಎಂದುಬಿಡುತ್ತದೆ. ಅದಕ್ಕೆ ‘ಟ್ರೈ-ಕ್ಯಾಚ್’ ಬರೆದು, ‘ಉತ್ತರ ಸಿಗಲಿಲ್ಲ’ ಎಂದು ತೋರಿಸುವುದು ಒಳ್ಳೆಯದು. ತಪ್ಪು ಉತ್ತರಕ್ಕಿಂತ ಅದೇ ಮೇಲು.

ಈಗ ಪ್ರತಿ ಉತ್ತರದ ಜೊತೆ ಊರಿನ ಹೆಸರನ್ನೂ ಕಟ್ಟಿ ಇಡುತ್ತೇನೆ. ಅಪ್ಪ ಈಗಲೂ ಕೇಳ್ತಾರೆ, “ಏನ್ಲಾ, ಇದು ನಮ್ಮೂರಿಂದೇನಾ?” ಹೆಸರು ಓದಿ ನೋಡಿದ ಮೇಲೇ ನಾನು “ಹೌದಪ್ಪಾ” ಅನ್ನೋದು.

– ಹತ್ತನೇ ತರಗತಿಯ ವಿದ್ಯಾರ್ಥಿ