ಶಿರೂರಿಗೆ ಬರುವ ವಿದ್ಯಾರ್ಥಿಗೊಂದು ಕೆಲಸವಿದೆ

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಉತ್ತರಕ್ಕೆ ಹೋದರೆ ಉಡುಪಿ ಜಿಲ್ಲೆ ಮುಗಿಯುವುದು ಶಿರೂರಿನಲ್ಲಿ. ಅಲ್ಲಿಂದಾಚೆ ಭಟ್ಕಳ. ಉತ್ತರ ಕನ್ನಡದಿಂದ ಮಣಿಪಾಲಕ್ಕೆ ಹೊರಟ ಆಂಬುಲೆನ್ಸ್‌ಗಳು ಶಿರೂರಿನ ಟೋಲ್‌ಗೇಟ್ ದಾಟಿಯೇ ಬರುತ್ತವೆ. ಶಿರೂರಿನವರಿಗೂ ಅದೇ ದಾರಿ: ಬೈಂದೂರು, ಕುಂದಾಪುರ, ಬ್ರಹ್ಮಾವರ ಹಾದು ಸುಮಾರು 80 ಕಿ.ಮೀ. ಆ ತುದಿಯಲ್ಲಿ ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಸ್ಥಾಪಿಸಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿದೆ. ಫಿಸಿಯೋಥೆರಪಿ, ಆಕ್ಯುಪೇಶನಲ್ ಥೆರಪಿ, ವಾಕ್ ಮತ್ತು ಶ್ರವಣ ಚಿಕಿತ್ಸೆ ಕಲಿಸುವ ವಿಭಾಗಗಳೂ ಮಣಿಪಾಲದಲ್ಲೇ ಇವೆ. ಎದೆನೋವು ಬಂದಾಗ, ಅಪಘಾತವಾದಾಗ ಸಾಲ ಮಾಡಿಯಾದರೂ ಈ ದಾರಿ ಹಿಡಿಯುತ್ತಾರೆ. ಆದರೆ ಸೆರೆಬ್ರಲ್ ಪಾಲ್ಸಿ ಇರುವ ಮಗುವನ್ನು ಸೊಂಟದ ಮೇಲೆ ಹೊತ್ತು, ಬಸ್ಸು ಬದಲಿಸಿ, ವಾರಕ್ಕೆರಡು ಸಲ, ಅದೂ ವರ್ಷಗಟ್ಟಲೆ ಹೋಗಿಬರುವುದು ದಿನಗೂಲಿಯ ಮನೆಗೆ ಆಗದ ಮಾತು. ತಜ್ಞರಿರುವ ಊರಿಗೂ ವಿಕಲಚೇತನರಿರುವ ಮನೆಗೂ ನಡುವಿನ ಈ ಅಂತರಕ್ಕೆ ಉತ್ತರ ಯಾರು ಎಂಬ ಪ್ರಶ್ನೆಗೆ, ಜಗತ್ತಿನ ಅನೇಕ ಕಡೆ ‘ವಿದ್ಯಾರ್ಥಿ ಸ್ವಯಂಸೇವಕರು’ ಎಂಬ ಉತ್ತರ ಸಿಗುತ್ತಿದೆ.

ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ವೈದ್ಯಕೀಯ ವಿದ್ಯಾರ್ಥಿಗಳು ಓದಿನ ಕೊನೆಯ ಹಂತದಲ್ಲಿ ಕೆಲವು ವಾರ ತಾವೇ ಆರಿಸಿಕೊಂಡ ಕಡೆ ಕಲಿಯುವ ಪದ್ಧತಿ ಬಹಳ ಹಳೆಯದು. ‘ಎಲೆಕ್ಟಿವ್’ ಎನ್ನುವ ಈ ಅವಧಿಗೆ ಹಲವರು ಹೊರದೇಶಕ್ಕೆ ಹೋಗುತ್ತಾರೆ. ನರ್ಸಿಂಗ್, ಫಿಸಿಯೋಥೆರಪಿ, ವಾಕ್ ಚಿಕಿತ್ಸೆಯ ವಿದ್ಯಾರ್ಥಿಗಳೂ ವಿಶೇಷ ಶಾಲೆಗಳಿಗೆ, ಪುನರ್ವಸತಿ ಕೇಂದ್ರಗಳಿಗೆ ಸ್ವಯಂಸೇವಕರಾಗಿ ಹೋಗುವುದುಂಟು. ಶುಲ್ಕ ಪಡೆದು ಅವರನ್ನು ಕಳಿಸಿಕೊಡುವ ಸಂಸ್ಥೆಗಳೂ ಹುಟ್ಟಿಕೊಂಡಿವೆ. ಕರ್ನಾಟಕಕ್ಕೆ ಇಂಥ ಓಡಾಟ ಹೊಸದಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಜೊತೆ ಕಲಿಯಲು ಮೈಸೂರಿಗೆ ಬಂದಿದ್ದಾರೆ. ಬೆಂಗಳೂರಿನಲ್ಲಿ 1994ರಲ್ಲಿ ಆರಂಭವಾದ ಮೊಬಿಲಿಟಿ ಇಂಡಿಯಾ ಕೃತಕ ಕಾಲು, ಕ್ಯಾಲಿಪರ್ ತಯಾರಿಸುವ ವಿದ್ಯೆಯನ್ನು ಬೇರೆ ದೇಶದವರಿಗೂ ಕಲಿಸುತ್ತಿದೆ. ಉಡುಪಿ ಜಿಲ್ಲೆಗಂತೂ ಹೊರದೇಶದ ವಿದ್ಯಾರ್ಥಿ ಅಪರೂಪದವನಲ್ಲ: 1997ರಲ್ಲಿ ಶುರುವಾದ ಮೆಲಾಕ ಮಣಿಪಾಲ ವೈದ್ಯಕೀಯ ಕಾಲೇಜಿನಲ್ಲಿ ಮಲೇಷ್ಯಾದ ಮಕ್ಕಳು ಮೊದಲ ಎರಡೂವರೆ ವರ್ಷ ಮಣಿಪಾಲದಲ್ಲೇ ಓದಿ, ಉಳಿದದ್ದನ್ನು ತಮ್ಮ ದೇಶದಲ್ಲಿ ಮುಗಿಸುವ ವ್ಯವಸ್ಥೆಯಿತ್ತು. ಹೀಗೆ ಬರುವ ವಿದ್ಯಾರ್ಥಿ ವಿಕಲಚೇತನರ ಮನೆಯಲ್ಲಿ ನಿಜವಾಗಿ ಯಾವ ಕೆಲಸಕ್ಕೆ ಬರುತ್ತಾನೆ ಎಂಬುದು ಈ ಲೇಖನದ ವಿಷಯ. ಅವನು ಚಿಕಿತ್ಸಕನಾಗಿ ಬಂದರೆ ಉಪಯೋಗ ಕಡಿಮೆ. ಊರಲ್ಲೇ ಉಳಿಯುವವರ ಕೈ ಬಲಪಡಿಸಲು ಬಂದರೆ ಬಹಳ ಉಪಯೋಗವಿದೆ ಎಂಬುದು ನನ್ನ ವಾದ.

ಪುನರ್ವಸತಿಯ ಕೆಲಸ ಇತರ ಚಿಕಿತ್ಸೆಯಂತಲ್ಲ ಎಂಬುದನ್ನು ಮೊದಲು ನೋಡಬೇಕು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯ ಶಿಬಿರ ನಡೆಸಿ ವೈದ್ಯರು ಮರುದಿನ ಹೊರಟುಹೋದರೂ ರೋಗಿಗೆ ದೃಷ್ಟಿ ಉಳಿಯುತ್ತದೆ. ಸೆರೆಬ್ರಲ್ ಪಾಲ್ಸಿಯಲ್ಲಿ ಹಾಗಲ್ಲ. ಮೆದುಳಿಗಾದ ಹಾನಿ ಹೆಚ್ಚುವುದಿಲ್ಲವಾದರೂ, ಬಿಗಿದ ಸ್ನಾಯುಗಳು ಮಗು ಬೆಳೆದಂತೆ ಕೀಲುಗಳನ್ನು ಎಳೆದು ಸೊಟ್ಟಗಾಗಿಸುತ್ತವೆ. ಅದನ್ನು ತಡೆಯುವುದು ವಾರಕ್ಕೊಮ್ಮೆ ಅರ್ಧ ಗಂಟೆ ಮಾಡಿಸುವ ವ್ಯಾಯಾಮ ಮಾತ್ರವಲ್ಲ. ಮಗುವನ್ನು ಹೇಗೆ ಎತ್ತುತ್ತಾರೆ, ಯಾವ ಮಗ್ಗುಲಿಗೆ ಮಲಗಿಸುತ್ತಾರೆ, ಗಂಜಿ ಉಣಿಸುವಾಗ ತಲೆ ಎಷ್ಟು ನೆಟ್ಟಗಿರುತ್ತದೆ, ಬಚ್ಚಲಲ್ಲಿ ಯಾವುದಕ್ಕೆ ಒರಗಿಸಿ ಮೀಯಿಸುತ್ತಾರೆ ಎಂಬ ಹತ್ತಾರು ಸಣ್ಣ ಸಂಗತಿಗಳು. ಇವೆಲ್ಲ ತಾಯಿಯ, ಅಜ್ಜಿಯ, ಅಕ್ಕನ ಕೈಯಲ್ಲಿವೆ. ನಾಲ್ಕು ವಾರಕ್ಕೆ ಬಂದ ವಿದ್ಯಾರ್ಥಿ ಎಷ್ಟೇ ಜಾಣನಾದರೂ, ಅವನ ಕೈಯಿಂದ ಆದದ್ದು ಅವನೊಂದಿಗೇ ಹೋಗುತ್ತದೆ. ಮುಂದಿನ ತಿಂಗಳು ಇನ್ನೊಬ್ಬ ಬಂದು ಮೊದಲಿಂದ ಪರೀಕ್ಷೆ ಶುರುಮಾಡುತ್ತಾನೆ. ತಾಯಿ ಅದೇ ಪ್ರಶ್ನೆಗಳಿಗೆ ಮತ್ತೆ ಉತ್ತರ ಕೊಡಬೇಕು. ಮಗುವಿಗೆ ಹೊಸ ಮುಖದ ಭಯ ಹೋಗುವಷ್ಟರಲ್ಲಿ ಆ ಮುಖವೂ ಹೊರಟಿರುತ್ತದೆ.

ದಾನವಾಗಿ ಬರುವ ಗಾಲಿಕುರ್ಚಿಯನ್ನೇ ನೋಡಿ. ಆಸ್ಪತ್ರೆಯ ನುಣುಪು ನೆಲಕ್ಕೆ ಮಾಡಿದ ಕುರ್ಚಿ ಶಿರೂರಿನ ಕಡಲ ಬದಿಯ ಮರಳಲ್ಲಿ ಹೂತುಹೋಗುತ್ತದೆ. ಮುರಕಲ್ಲಿನ ಮೆಟ್ಟಿಲು ಹತ್ತಿ ಜಗಲಿಗೆ ಹೋಗುವ ಮನೆಯಲ್ಲಿ ಅದು ಅಂಗಳದಲ್ಲೇ ಉಳಿದು, ಮಳೆಗಾಲದ ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆ. ಇದು ಬರೀ ವ್ಯರ್ಥವಲ್ಲ, ಅಪಾಯವೂ ಹೌದು. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ಪರ್ಶಜ್ಞಾನ ಇಲ್ಲದವರು ತಮ್ಮ ಅಳತೆಗೆ ಹೊಂದದ, ಸರಿಯಾದ ದಿಂಬಿಲ್ಲದ ಕುರ್ಚಿಯಲ್ಲಿ ಕೂತರೆ ಒತ್ತುಹುಣ್ಣಾಗುತ್ತದೆ. ಆ ಹುಣ್ಣಿಗೆ ಸೋಂಕು ತಗುಲಿದರೆ ಪ್ರಾಣಕ್ಕೇ ಎರವು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಗಾಲಿಕುರ್ಚಿ ಮಾರ್ಗಸೂಚಿಯ ತಿರುಳೂ ಇದೇ: ಕುರ್ಚಿ ಕೊಟ್ಟರೆ ಸಾಲದು, ಬಳಸುವವರ ಅಳತೆ, ಮನೆ, ದಾರಿ ನೋಡಿ ಹೊಂದಿಸಬೇಕು, ಬಳಕೆ ಕಲಿಸಬೇಕು, ಕೆಟ್ಟಾಗ ರಿಪೇರಿಗೆ ದಾರಿಯಿರಬೇಕು. ಇವುಗಳಲ್ಲಿ ಕೊನೆಯದು ಊರಲ್ಲಿರುವವರಿಂದ ಮಾತ್ರ ಆಗುವ ಕೆಲಸ.

ಭಾಷೆಯ ಮಾತು ಇನ್ನೂ ದೊಡ್ಡದು. ಶಿರೂರಿನ ಮನೆಗಳಲ್ಲಿ ಕುಂದಾಪ್ರ ಕನ್ನಡವಿದೆ, ಖಾರ್ವಿಗಳ ಕೊಂಕಣಿಯಿದೆ, ಮುಸ್ಲಿಮರ ಮನೆಮಾತುಗಳು ಬೇರೆಯೇ ಇವೆ. ಮಾತು ತಡವಾದ ಮಗುವಿಗೆ ಮಾತು ಕಲಿಸುವುದು ಆ ಮನೆಮಾತಿನಲ್ಲೇ ಆಗಬೇಕು. ಲಂಡನ್ನಿನಿಂದ ಬಂದ ವಿದ್ಯಾರ್ಥಿಗೆ ಇದು ಸಾಧ್ಯವಿಲ್ಲ ಎನ್ನುವುದು ಸುಲಭ. ಆದರೆ ದೆಹಲಿಯಿಂದಲೋ ಕೊಚ್ಚಿಯಿಂದಲೋ ಮಣಿಪಾಲಕ್ಕೆ ಓದಲು ಬಂದವರಿಗೂ ಅದು ಅಷ್ಟೇ ಕಷ್ಟ. ಶಿರೂರಿನ ಅಜ್ಜಿಯ ಪಾಲಿಗೆ ಇಬ್ಬರೂ ಹೊರಗಿನವರೇ. ಹಾಗಾಗಿ ವಿದೇಶಿ ಸ್ವಯಂಸೇವಕರ ಕುರಿತು ಎತ್ತುವ ಪ್ರಶ್ನೆಗಳನ್ನು ನಮ್ಮದೇ ಕಾಲೇಜುಗಳ ಹಳ್ಳಿ ಶಿಬಿರಗಳಿಗೂ ಕೇಳಬೇಕು. ಪಾಸ್‌ಪೋರ್ಟ್ ನೋಡಿ ಒಬ್ಬರನ್ನು ಹೊಗಳಿ ಇನ್ನೊಬ್ಬರನ್ನು ತೆಗಳುವುದರಲ್ಲಿ ಅರ್ಥವಿಲ್ಲ.

ಹಾಗಾದರೆ ಊರಲ್ಲೇ ಉಳಿಯುವವರು ಯಾರು? ಮೊದಲು ಮನೆಯವರು. ಅವರ ನಂತರ, ಹೆಚ್ಚು ಜನರಿಗೆ ಹೆಸರೂ ಗೊತ್ತಿಲ್ಲದ ಒಬ್ಬರು: ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಪಂಚಾಯಿತಿ ಕಚೇರಿಯಲ್ಲಿ ಅವರನ್ನು ‘ವಿಆರ್‌ಡಬ್ಲ್ಯೂ’ ಎನ್ನುತ್ತಾರೆ. ಗ್ರಾಮ ಪಂಚಾಯಿತಿಗೊಬ್ಬರಂತೆ, ವಿಕಲಚೇತನರನ್ನೇ ಗೌರವಧನದ ಮೇಲೆ ನೇಮಿಸುವ ಯೋಜನೆ ಕರ್ನಾಟಕದ್ದು. ತಾಲ್ಲೂಕು ಮಟ್ಟದಲ್ಲಿ ‘ಎಂಆರ್‌ಡಬ್ಲ್ಯೂ’, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಇದರ ಹಿಂದಿನ ವಿಚಾರ ಹಳೆಯದು. 1978ರ ಆಲ್ಮಾ ಆಟಾ ಘೋಷಣೆಯ ನಂತರ ವಿಶ್ವ ಆರೋಗ್ಯ ಸಂಸ್ಥೆ ಸಮುದಾಯ ಆಧಾರಿತ ಪುನರ್ವಸತಿಯನ್ನು ಮುಂದಿಟ್ಟಿತು. ಅದಕ್ಕೂ ಎಷ್ಟೋ ಮುಂಚೆ, 1959ರಲ್ಲಿ, ಸ್ವತಃ ಅಂಗವೈಕಲ್ಯವಿದ್ದ ಎನ್.ಎಸ್. ಹೇಮಾ ಅವರು ಬೆಂಗಳೂರಿನಲ್ಲಿ ‘ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ’ ಕಟ್ಟಿದ್ದರು. ವಿಆರ್‌ಡಬ್ಲ್ಯೂಗಳಿಗೆ ಊರಿನ ಪ್ರತಿ ಮನೆ ಗೊತ್ತು, ಭಾಷೆ ಗೊತ್ತು, ಅಂಗವೈಕಲ್ಯದ ಅನುಭವ ಮೈಯಲ್ಲೇ ಇದೆ. ಪಿಂಚಣಿ, ವಿಕಲಚೇತನರ ಗುರುತಿನ ಯುಡಿಐಡಿ ಕಾರ್ಡು, ಸಾಧನಸಲಕರಣೆಯ ಅರ್ಜಿಗಳ ಓಡಾಟ ಅವರ ಹೆಗಲ ಮೇಲಿದೆ. ಅವರಿಗಿಲ್ಲದಿರುವುದು ಚಿಕಿತ್ಸೆಯ ತರಬೇತಿ. ವಿದ್ಯಾರ್ಥಿಯ ಬಳಿ ಇರುವುದು ಅದೇ.

ಇಬ್ಬರನ್ನೂ ಸೇರಿಸಿದರೆ ನಾಲ್ಕು ವಾರದಲ್ಲಿ ಆಗುವ ಕೆಲಸ ಕಡಿಮೆಯಲ್ಲ. ವಿಆರ್‌ಡಬ್ಲ್ಯೂ ಕರೆದೊಯ್ದ ಮನೆಯಲ್ಲಿ ತಾಯಿ ದಿನವಿಡೀ ಮಗುವನ್ನು ನೋಡಿಕೊಳ್ಳುವ ಬಗೆಯನ್ನು ವಿದ್ಯಾರ್ಥಿ ಮೊದಲು ಕೂತು ಗಮನಿಸಬಹುದು. ಆಮೇಲೆ ಮಗು ನೆಟ್ಟಗೆ ಕೂರುವಂಥ ಮೂಲೆಕುರ್ಚಿಯ ಅಳತೆ ತೆಗೆದು ಊರಿನ ಬಡಗಿಯಿಂದಲೇ ಮಾಡಿಸಬಹುದು. ಮಾಡಬೇಕಾದ, ಮಾಡಬಾರದ ಸಂಗತಿಗಳನ್ನು ಆ ಮಗುವಿನದೇ ಚಿತ್ರ ಬರೆದು ಕನ್ನಡದಲ್ಲಿ ಗೋಡೆಗೆ ಅಂಟಿಸಬಹುದು. ಮಣಿಪಾಲದ ವಿಭಾಗದಲ್ಲಿ ಆ ಮಗುವಿನ ಕಡತ ತೆರೆದು, ಮುಂದಿನ ವಿದ್ಯಾರ್ಥಿ ಮೊದಲಿಂದ ಶುರುಮಾಡದಂತೆ ನೋಡಿಕೊಳ್ಳಬಹುದು. ಇದೆಲ್ಲವೂ ಅಧ್ಯಾಪಕರ ಮೇಲ್ವಿಚಾರಣೆಯಲ್ಲೇ ನಡೆಯಬೇಕು. ತನ್ನ ದೇಶದಲ್ಲಿ ಒಬ್ಬನೇ ಮಾಡಲು ಅನುಮತಿಯಿಲ್ಲದ ಚಿಕಿತ್ಸೆಯನ್ನು ವಿದ್ಯಾರ್ಥಿ ಇಲ್ಲಿ ಬಡವರ ಮೇಲೆ ಮಾಡುವಂತಿಲ್ಲ. ಒಂದೇ ಮನೆಯ ನಂಟು ಮುಂದುವರಿಯಬೇಕು ಎಂಬ ತಿಳಿವು ನಮ್ಮ ವೈದ್ಯಶಿಕ್ಷಣಕ್ಕೂ ಬಂದಿದೆ. 2022ರಿಂದ ಎಂಬಿಬಿಎಸ್ ವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ಪಡೆದು ಅವೇ ಮನೆಗಳಿಗೆ ಮತ್ತೆ ಮತ್ತೆ ಹೋಗುವ ಕಾರ್ಯಕ್ರಮವನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ ಜಾರಿಗೆ ತಂದಿದೆ. ಫಿಸಿಯೋಥೆರಪಿ, ವಾಕ್ ಚಿಕಿತ್ಸೆಯ ವಿದ್ಯಾರ್ಥಿಗಳಿಗೂ ಇದು ಬೇಕು.

‘ಏನೂ ಇಲ್ಲದ ಕಡೆ ಒಂದಿಷ್ಟಾದರೂ ಸಿಗಲಿ, ಇಷ್ಟೆಲ್ಲ ಷರತ್ತು ಯಾಕೆ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಆ ‘ಒಂದಿಷ್ಟು’ ಪುಕ್ಕಟೆಯದಲ್ಲ. ಬಂದವರಿಗೆ ಊರು ತೋರಿಸಲು, ಅನುವಾದ ಮಾಡಲು ವಿಶೇಷ ಶಾಲೆಯ ಶಿಕ್ಷಕಿ ತನ್ನ ತರಗತಿ ಬಿಡಬೇಕು, ಮನೆಯವರು ಕೂಲಿ ಬಿಡಬೇಕು. ಆತಿಥ್ಯ ಕೊಡುವವರಿಗೆ ಬೀಳುವ ಈ ಖರ್ಚನ್ನು ಲೆಕ್ಕಕ್ಕೆ ಹಿಡಿಯಬೇಕೆಂದು ಜಾಗತಿಕ ಆರೋಗ್ಯ ತರಬೇತಿಯ ನೀತಿಸೂತ್ರ ರೂಪಿಸಿದ ತಜ್ಞರ ಗುಂಪು 2010ರಲ್ಲೇ ಹೇಳಿದೆ. ಊರಲ್ಲೇ ಉಳಿಯುವವರ ಬೆಲೆ ಹತ್ತಿರದಲ್ಲೇ ಕಾಣುತ್ತದೆ: ಎಂಡೋಸಲ್ಫಾನ್ ಕೀಟನಾಶಕದ ಸಿಂಪಡಣೆಯಿಂದ ನೊಂದ ಕಾಸರಗೋಡಿನ ಎಣ್ಮಕಜೆ, ಪಡ್ರೆಯಂಥ ಕನ್ನಡದ ಊರುಗಳಿಗೆ ಬಂದುಹೋದವರಿಗೆ ಲೆಕ್ಕವಿಲ್ಲ. ಆದರೆ ಅಲ್ಲಿನ ಸಂಕಟ ಹೊರಜಗತ್ತಿಗೆ ತಿಳಿದದ್ದು ಅಲ್ಲೇ ನೆಲೆಸಿ ರೋಗಿಗಳನ್ನು ನೋಡುತ್ತಿದ್ದ ಡಾ. ವೈ.ಎಸ್. ಮೋಹನಕುಮಾರ್, ಅಲ್ಲೇ ಕೃಷಿ ಮಾಡಿಕೊಂಡು ಬರೆಯುತ್ತಿದ್ದ ಶ್ರೀ ಪಡ್ರೆ ಅವರಂಥವರಿಂದ.

ಇನ್ನೊಂದು ಆಕ್ಷೇಪ: ಹೊರಗಿನವರು ಬಂದು ಈ ಕರಾವಳಿಗೆ ಒಳ್ಳೆಯದು ಮಾಡಿಲ್ಲವೇ? ಖಂಡಿತ ಮಾಡಿದ್ದಾರೆ. ಸ್ವಿಸ್ ವೈದ್ಯೆ ಇವಾ ಲೊಂಬಾರ್ಡ್ 1923ರಲ್ಲಿ ಉಡುಪಿಯಲ್ಲಿ ಶುರುಮಾಡಿದ ಮಿಷನ್ ಆಸ್ಪತ್ರೆ ಇಂದಿಗೂ ಅವರ ಹೆಸರಲ್ಲೇ ನಡೆಯುತ್ತಿದೆ. ಅವರು ಬಿಟ್ಟುಹೋದದ್ದು ಒಂದು ಸಂಸ್ಥೆಯನ್ನು. ನಾಲ್ಕು ವಾರದ ವಿದ್ಯಾರ್ಥಿಯಿಂದ ಆಸ್ಪತ್ರೆ ಕಟ್ಟುವುದನ್ನು ಯಾರೂ ನಿರೀಕ್ಷಿಸುವುದಿಲ್ಲ. ತಾನು ಹೋದ ಮೇಲೂ ನಡೆಯುವಂಥ ಒಂದು ಕೆಲಸವನ್ನಾದರೂ ನಿರೀಕ್ಷಿಸಬಹುದು. ಇನ್ನು, ಇಂಥ ಪ್ರವಾಸದಿಂದ ವಿದ್ಯಾರ್ಥಿಗೇ ಹೆಚ್ಚು ಲಾಭ ಎಂಬ ದೂರಿನಲ್ಲಿ ಹುರುಳಿದೆಯಾದರೂ ನನಗೆ ಅದು ದೋಷವೆನಿಸುವುದಿಲ್ಲ. ಅಂಗವೈಕಲ್ಯವನ್ನು ಪುಸ್ತಕದಲ್ಲಿ ರೋಗಲಕ್ಷಣವಾಗಿ ಮಾತ್ರ ಓದಿದವರಿಗೆ, ಅದರೊಂದಿಗೇ ಮೀನು ಮಾರುವ, ಬೀಡಿ ಕಟ್ಟುವ, ಮಕ್ಕಳನ್ನು ಸಾಕುವ ಜನರನ್ನು ನೋಡುವುದು ದೊಡ್ಡ ಶಿಕ್ಷಣ. ಆದರೆ ಕಲಿಯಲು ಬಂದವರು ಕಲಿಯಲು ಬಂದೆವೆಂದೇ ಹೇಳಬೇಕು, ಕಲಿಸಿದ ಮನೆಗೆ ಕೃತಜ್ಞರಾಗಿರಬೇಕು. ಒಪ್ಪಿಗೆಯಿಲ್ಲದೆ ಮಗುವಿನ ಫೋಟೊ ತೆಗೆದು ಹಂಚುವುದು ಕೃತಜ್ಞತೆಯಲ್ಲ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿ, ಆರೋಗ್ಯ ಸೇವೆ ಮತ್ತು ಪುನರ್ವಸತಿಯ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ. ಯಾವ ದೇಶದ ಯಾವ ಸ್ವಯಂಸೇವಕ ಬಂದರೂ ಆ ಹೊಣೆ ಇಳಿಯುವುದಿಲ್ಲ. ಶಿರೂರು ಸೇರಿರುವ ಬೈಂದೂರು 2018ರಲ್ಲಿ ಪ್ರತ್ಯೇಕ ತಾಲ್ಲೂಕಾಗಿದೆ. ಶಿರೂರಿನ ಮಗು 80 ಕಿ.ಮೀ. ಹೋಗುವ ಬದಲು ಫಿಸಿಯೋಥೆರಪಿಸ್ಟ್ ಮತ್ತು ವಾಕ್ ಚಿಕಿತ್ಸಕರು ನಿಗದಿತ ದಿನ ತಾಲ್ಲೂಕಿಗೇ ಬರುವಂತಾಗಬೇಕು. ಅಲ್ಲಿಯವರೆಗೆ, ಈ ಭಾಗಕ್ಕೆ ವಿದ್ಯಾರ್ಥಿಗಳನ್ನು ಕಳಿಸುವ ಕಾಲೇಜುಗಳಲ್ಲಿ ಒಂದು ವಿನಂತಿ: ಬಸ್ಸು ಗೊತ್ತುಮಾಡುವ ಮುನ್ನ ಆ ಪಂಚಾಯಿತಿಯ ವಿಆರ್‌ಡಬ್ಲ್ಯೂಗೆ ಫೋನ್ ಮಾಡಿ, ಯಾವ ಮನೆಗೆ ಏನು ಬೇಕೆಂದು ಕೇಳಿ, ಅದನ್ನು ಮಾಡಬಲ್ಲ ವಿದ್ಯಾರ್ಥಿಯನ್ನೇ ಕಳಿಸಿ.