ಕೆಂಪು ಗಡ್ಡೆಯ ರಸವೂ ಕುಂದಿದ ಉಸಿರೂ

ಕಾಯಕವನ್ನು ಕುರಿತು ಮಾತನಾಡುವಾಗ ನಾವು ಕೈಗಳನ್ನು ನೆನೆಯುತ್ತೇವೆ; ಉಸಿರನ್ನು ನೆನೆಯುವುದು ಅಪರೂಪ. ಕೊಟ್ಟಣದ ಸೋಮಮ್ಮ ಬತ್ತ ಕುಟ್ಟಿದುದೂ, ಮೋಳಿಗೆಯ ಮಾರಯ್ಯ ಕಟ್ಟಿಗೆಯ ಹೊರೆ ಹೊತ್ತುದೂ ಶರಣಚರಿತ್ರೆಯನ್ನು ಬಲ್ಲವರಿಗೆಲ್ಲ ತಿಳಿದ ಸಂಗತಿಗಳು. ಒನಕೆಯನ್ನೆತ್ತುವ ತೋಳಿಗೂ ಹೊರೆಯನ್ನು ತಾಳುವ ಕಾಲಿಗೂ ಕ್ಷಣಕ್ಷಣವೂ ಆಮ್ಲಜನಕ ಒದಗಬೇಕು. ಅದನ್ನು ಒದಗಿಸುವ ಶ್ವಾಸಕೋಶ ಕುಂದಿತೆಂದರೆ, ಮನಸ್ಸಿನಲ್ಲಿ ಉತ್ಸಾಹವಿದ್ದರೂ ಕಾಯಕ ಅಲ್ಲಿಗೇ ನಿಲ್ಲುತ್ತದೆ.

ಈ ಲೇಖನಕ್ಕೆ ಪ್ರೇರಣೆಯಾದುದು ಒಂದು ಪ್ರಶ್ನೆ. ಮೈಸೂರಿನ ವಿಜಯನಗರದಲ್ಲಿ, ನಮ್ಮ ಬೀದಿಯಲ್ಲಿಯೇ, ಮಗನ ಮನೆಯಲ್ಲಿರುವ ಹಿರಿಯ ತಾಯಿಯೊಬ್ಬರು ಅದನ್ನು ಕೇಳಿದರು. ನಂಜನಗೂಡು ಸೀಮೆಯ ಹಳ್ಳಿಯೊಂದರಲ್ಲಿ ಮೂವತ್ತೈದು ವರ್ಷ ಸೌದೆಯ ಒಲೆಯ ಮುಂದೆ ಕುಳಿತು ಅಡಿಗೆ ಮಾಡಿದವರು ಅವರು. ಬೀಡಿ ಸಿಗರೇಟುಗಳ ಸೋಂಕೇ ಇಲ್ಲದ ಮನೆತನ. ಈಗ ಮಹಡಿಯ ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಲ್ಲುತ್ತಾರೆ. "ಮೇಷ್ಟ್ರೇ, ಪಾರ್ಕಿನ ಹತ್ರ ಮಾರ್ತಾರಲ್ಲ ಬೀಟ್‌ರೂಟ್ ಜ್ಯೂಸು, ಅದ ಕುಡುದ್ರೆ ದಮ್ಮು ತಗ್ತದಂತೆ, ನಿಜವಾ? ನಿಜವಾದ್ರೆ ಈ ಎಳ್ಕೊಳೋ ಔಷಧೀನ ಬುಟ್ಬುಡ್ಲಾ?" ಎಂದರು. ಮೊದಲನೆಯ ಪ್ರಶ್ನೆ ಕುತೂಹಲದ್ದು. ಎರಡನೆಯದು ನನ್ನನ್ನು ಬೆಚ್ಚಿಸಿತು. ನಾನು ವೈದ್ಯನಲ್ಲ. ಆದರೂ ಈ ವಿಷಯದಲ್ಲಿ ನಡೆದಿರುವ ಪರೀಕ್ಷೆಗಳ ವರದಿಗಳನ್ನು ಓದಿ, ತಿಳಿದ ಮಟ್ಟಿಗೆ ಇಲ್ಲಿ ನಿರೂಪಿಸಿದ್ದೇನೆ.

ಆ ತಾಯಿಗೆ ಇರುವ ಕಾಯಿಲೆಯನ್ನು ವೈದ್ಯರು ಸಿ.ಓ.ಪಿ.ಡಿ. ಎನ್ನುತ್ತಾರೆ, ಶ್ವಾಸಮಾರ್ಗವನ್ನು ದೀರ್ಘಕಾಲ ಅಡ್ಡಗಟ್ಟುವ ರೋಗವೆಂದು ಅರ್ಥ. ಗಾಳಿಯ ಕೊಳವೆಗಳು ಊದಿ ಕಿರಿದಾಗುತ್ತವೆ, ಗಾಳಿಯ ಚೀಲಗಳ ಗೋಡೆಗಳು ಸವೆದು ಕೂಡಿಕೊಳ್ಳುತ್ತವೆ. ಒಳಕ್ಕೆ ಹೋದ ಗಾಳಿ ಪೂರ್ತಿಯಾಗಿ ಹೊರಕ್ಕೆ ಬಾರದೆ ಸಿಕ್ಕಿಕೊಳ್ಳುವುದರಿಂದ ಹೊಸ ಗಾಳಿಗೆ ಎಡೆ ಸಾಲದು. ಏದುಸಿರಿಗೆ ಅಂಜಿ ರೋಗಿ ನಡೆಯುವುದನ್ನು ಬಿಡುತ್ತಾನೆ. ನಡೆಯದಿರುವುದರಿಂದ ತೊಡೆಯ ಸ್ನಾಯುಗಳು ಬಡವಾಗುತ್ತವೆ. ಬಡವಾದ ಸ್ನಾಯು ಅಷ್ಟೇ ಕೆಲಸಕ್ಕೆ ಮೊದಲಿಗಿಂತ ಬೇಗ ದಣಿಯುತ್ತದೆ. ಕಾಲಿನ ದಣಿವೂ ಎದೆಯ ದಣಿವೂ ಹೀಗೆ ಒಂದನ್ನೊಂದು ಬೆಳೆಸುತ್ತವೆ. ಈ ಕಾಲಿನ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದೇ ಮುಖ್ಯವಾಗುತ್ತದೆ.

ವಿಜಯನಗರಕ್ಕೆ ಸಮೀಪದ ಕೃಷ್ಣರಾಜಸಾಗರದ ರಸ್ತೆಯಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಕ್ಷಯರೋಗದ ಆಸ್ಪತ್ರೆಯಿದೆ. ಕ್ಷಯಕ್ಕೆ ತುತ್ತಾದ ಸೋದರಿಯ ನೆನಪಿಗೆ ನಾಲ್ವಡಿ ಕೃಷ್ಣರಾಜ ಒಡೆಯರು ಕಟ್ಟಿಸಿದುದು. ಆ ಕಾಲಕ್ಕೆ ಎದೆಯ ರೋಗವೆಂದರೆ ಕ್ಷಯವೇ. ಒಲೆಯ ಹೊಗೆಯನ್ನು ರೋಗಕಾರಣವೆಂದು ಎಣಿಸಿದುದು ಬಹಳ ತಡವಾಗಿ. ಈ ವಿಚಾರದಲ್ಲಿ ಮೈಸೂರು ಜಿಲ್ಲೆಯ ಹಳ್ಳಿಗಳಲ್ಲಿಯೇ ಬೆಲೆಯುಳ್ಳ ಕೆಲಸ ನಡೆದಿದೆ. ಸುತ್ತೂರು ಶ್ರೀಮಠದ ಆಶ್ರಯದಲ್ಲಿರುವ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ಡಾ. ಪಿ. ಎ. ಮಹೇಶ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಇಲ್ಲಿನ ಗ್ರಾಮಗಳಲ್ಲಿ ನಲವತ್ತು ದಾಟಿದವರ ಪೈಕಿ ನೂರಕ್ಕೆ ಸುಮಾರು 7 ಮಂದಿಗೆ ಈ ರೋಗವಿತ್ತು. 2013ರಲ್ಲಿ ಅವರು ಪ್ರಕಟಿಸಿದ ಇನ್ನೊಂದು ಲೆಕ್ಕ ಮನೆಮನೆಯಲ್ಲಿಯೂ ತಿಳಿದಿರತಕ್ಕದ್ದು. ದಿನಕ್ಕೆ ಎಷ್ಟು ಗಂಟೆ ಸೌದೆ, ಬೆರಣಿಗಳ ಒಲೆಯ ಮುಂದೆ ಎಂಬುದನ್ನು ಎಷ್ಟು ವರ್ಷ ಎಂಬುದರಿಂದ ಗುಣಿಸಬೇಕು. ಬಂದ ಸಂಖ್ಯೆ 60ನ್ನು ಮುಟ್ಟಿದರೆ, ಹೆಂಗಸರಲ್ಲಿ ಬಿಡದ ಕೆಮ್ಮು ಕಫಗಳ ದೀರ್ಘಕಾಲದ ಶ್ವಾಸನಾಳದ ಉರಿಯೂತ ಕಾಣಿಸಿಕೊಳ್ಳುವ ಅಪಾಯ ಸ್ಪಷ್ಟವಾಗಿ ಏರುತ್ತದೆ. ದಿನಕ್ಕೆ ಎರಡು ಗಂಟೆಯಂತೆ ಮೂವತ್ತು ವರ್ಷವಾದರೆ ಲೆಕ್ಕ ತುಂಬಿತು. ನಮ್ಮ ತಾಯಿಯದು ದಿನಕ್ಕೆ ಮೂರು ಗಂಟೆಗೆ ಕಡಿಮೆಯಿಲ್ಲ. ಅಂದರೆ ನೂರನ್ನು ಮೀರಿದೆ. ಮಾರಯ್ಯನ ಕಟ್ಟಿಗೆ ದಾಸೋಹದ ಒಲೆಯಲ್ಲಿ ಉರಿದಾಗ ಅದರ ಹೊಗೆ ಯಾರ ಎದೆಯನ್ನು ಸೇರಿತೆಂದು ನಮ್ಮ ಪುರಾಣಗಳು ಕೇಳುವುದಿಲ್ಲ, ನಾವಾದರೂ ಕೇಳಬೇಕಾಗಿದೆ.

ಇನ್ನು ಕೆಂಪು ಗಡ್ಡೆಯ ಕಡೆಗೆ ಬರೋಣ. ಅದರಲ್ಲಿರುವ ವಿಶೇಷ ವಸ್ತು ನೈಟ್ರೇಟು. ಹೆಸರು ಹೊಸತೆನಿಸಿದರೂ ವಸ್ತು ಹೊಸತಲ್ಲ; ಬಾಣಬಿರುಸುಗಳ ಮದ್ದಿಗೆ ಸೇರಿಸುವ ಪೆಟ್ಲುಪ್ಪು ಪೊಟ್ಯಾಸಿಯಂ ನೈಟ್ರೇಟೇ. ಗಿಡಗಳು ನೆಲದ ಸಾರಜನಕವನ್ನು ಬಹುಮಟ್ಟಿಗೆ ಈ ರೂಪದಲ್ಲಿ ಹೀರುತ್ತವೆ. ಬೀಟ್‌ರೂಟು, ಪಾಲಕ್, ದಂಟಿನ ಸೊಪ್ಪು, ಮೂಲಂಗಿಗಳಲ್ಲಿ ಅದು ಹೆಚ್ಚಾಗಿ ಶೇಖರವಾಗುತ್ತದೆ.

ನಾವು ತಿಂದ ನೈಟ್ರೇಟಿನ ಪಯಣ ಸ್ವಾರಸ್ಯವಾದುದು. ಕರುಳಿನಿಂದ ರಕ್ತಕ್ಕೆ ಸೇರಿದ ಮೇಲೆ ಅದರ ಸುಮಾರು ಕಾಲುಭಾಗವನ್ನು ಜೊಲ್ಲಿನ ಗ್ರಂಥಿಗಳು ಹೀರಿ ಮತ್ತೆ ಬಾಯಿಗೇ ತರುತ್ತವೆ. ನಾಲಗೆಯ ಹಿಂಭಾಗದಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟಾಗಿ ಮಾರ್ಪಡಿಸುತ್ತವೆ. ಈ ಕೆಲಸ ನಮ್ಮ ದೇಹಕ್ಕೆ ತಾನಾಗಿ ಬರುವುದು ಅತ್ಯಲ್ಪ. ನುಂಗಿದ ನೈಟ್ರೈಟಿನಿಂದ ಜಠರದಲ್ಲಿಯೂ ರಕ್ತದಲ್ಲಿಯೂ ನೈಟ್ರಿಕ್ ಆಕ್ಸೈಡೆಂಬ ಅನಿಲ ಹುಟ್ಟುತ್ತದೆ. ರಕ್ತನಾಳಗಳನ್ನು ಸಡಿಲಿಸಿ ಅಗಲಿಸುವ ಅನಿಲವಿದು. ಇದರ ಪಾತ್ರವನ್ನು ಕಂಡುಹಿಡಿದುದಕ್ಕಾಗಿ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಎಂಬ ಮೂವರಿಗೆ 1998ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಕುಡಿದ ಎರಡು ಮೂರು ಗಂಟೆಗಳಲ್ಲಿ ರಕ್ತದ ನೈಟ್ರೈಟು ಗರಿಷ್ಠ ಮಟ್ಟಕ್ಕೇರುತ್ತದೆ. ಕ್ರಿಮಿನಾಶಕ ದ್ರವದಿಂದ ಬಾಯಿ ಮುಕ್ಕಳಿಸಿದರೆ ಮಾತ್ರ ನಾಲಗೆಯ ಜೀವಿಗಳು ಸತ್ತು ಈ ಮಾರ್ಗವೇ ಮುಚ್ಚುತ್ತದೆ. ಎಲ್ಲ ಕ್ರಿಮಿಗಳೂ ಶತ್ರುಗಳೆಂದು ತಿಳಿದವರು ಇದನ್ನು ಗಮನಿಸಬಹುದು.

ಇಂಗ್ಲೆಂಡಿನ ಎಕ್ಸಿಟರ್ ವಿಶ್ವವಿದ್ಯಾನಿಲಯದವರು 2009ರಲ್ಲಿ ಆರೋಗ್ಯವಂತರಾದ 8 ಮಂದಿಗೆ ಆರು ದಿನ ದಿನಕ್ಕೆ ಅರ್ಧ ಲೀಟರು ಬೀಟ್‌ರೂಟ್ ರಸ ಕುಡಿಸಿ ಪರೀಕ್ಷಿಸಿದರು. ಅಷ್ಟೇ ಕೆಲಸಕ್ಕೆ ಅವರಿಗೆ ಕಡಿಮೆ ಆಮ್ಲಜನಕ ಸಾಕಾಯಿತು. ತೀವ್ರ ವ್ಯಾಯಾಮದಲ್ಲಿ ದಣಿದು ನಿಲ್ಲುವ ಮೊದಲು ನೂರಕ್ಕೆ 16ರಷ್ಟು ಹೆಚ್ಚು ಕಾಲ ತಾಳಿದರು. ವೈದ್ಯರ ದೃಷ್ಟಿ ಶ್ವಾಸರೋಗಿಗಳ ಕಡೆಗೆ ಹೊರಳಿದುದು ಸಹಜ: ಗಳಿಕೆ ಕಡಿಮೆಯಾದ ಮನೆಗೆ ಖರ್ಚು ತಗ್ಗಿಸುವ ಉಪಾಯವಲ್ಲವೆ ಇದು! ಅಲ್ಲದೆ ಆಮ್ಲಜನಕ ಕಡಿಮೆಯಿರುವ ಅಂಗಾಂಶದಲ್ಲಿಯೇ ನೈಟ್ರೈಟು ಹೆಚ್ಚು ಚುರುಕಾಗಿ ನೈಟ್ರಿಕ್ ಆಕ್ಸೈಡಾಗುತ್ತದೆ.

ಆದರೆ ಮೊದಲ ಫಲಿತಾಂಶಗಳು ಒಂದಕ್ಕೊಂದು ಕೂಡಲಿಲ್ಲ. 2015ರಲ್ಲಿ ಅಮೆರಿಕೆಯ ವೇಕ್ ಫಾರೆಸ್ಟ್ ವಿಶ್ವವಿದ್ಯಾನಿಲಯದ ಪರೀಕ್ಷೆಯಲ್ಲಿ 15 ರೋಗಿಗಳು ಸೈಕಲ್ ತುಳಿಯುವ ಅವಧಿ ಅರ್ಧ ನಿಮಿಷದಷ್ಟು ಹೆಚ್ಚಿತು. ಅದೇ ವರ್ಷ ಎಕ್ಸಿಟರಿನಲ್ಲಿ 13 ರೋಗಿಗಳಿಗೆ ಏನೂ ವ್ಯತ್ಯಾಸ ಕಾಣಲಿಲ್ಲ. ಹತ್ತು ಹದಿನೈದು ಮಂದಿಯ ಪರೀಕ್ಷೆಯಿಂದ ಪತ್ರಿಕೆಗಳು ತಲೆಬರಹ ಹೊಂದಿಸುವುದುಂಟು. ಔಷಧವನ್ನು ನಿರ್ಣಯಿಸುವುದು ಸಲ್ಲದು.

ಇವುಗಳಿಗಿಂತ ತೂಕವುಳ್ಳದ್ದು ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 2020ರಲ್ಲಿ ಪ್ರಕಟಿಸಿದ ಪರೀಕ್ಷೆ. ಎಂಟು ವಾರಗಳ ವ್ಯಾಯಾಮ ಶಿಕ್ಷಣಕ್ಕೆ ಬಂದ 165 ಸಿ.ಓ.ಪಿ.ಡಿ. ರೋಗಿಗಳನ್ನು ಎರಡು ಪಂಗಡ ಮಾಡಿದರು. ವಾರಕ್ಕೆ ಎರಡು ಬಾರಿ, ವ್ಯಾಯಾಮಕ್ಕೆ ಮೂರು ಗಂಟೆ ಮುಂಚೆ, ಒಂದು ಪಂಗಡಕ್ಕೆ ಸುಮಾರು 800 ಮಿಲಿಗ್ರಾಮು ನೈಟ್ರೇಟುಳ್ಳ 140 ಮಿಲಿಲೀಟರು ಗಟ್ಟಿರಸ. ಇನ್ನೊಂದಕ್ಕೆ ನೈಟ್ರೇಟನ್ನು ತೆಗೆದುಹಾಕಿದ ಅದೇ ರಸ. ಬಣ್ಣವೂ ರುಚಿಯೂ ಒಂದೇ. ಯಾರಿಗೆ ಯಾವುದೆಂದು ಕುಡಿದವರಿಗೂ ಕೊಟ್ಟವರಿಗೂ ತಿಳಿಯದು. ಕೊನೆಯವರೆಗೆ ಉಳಿದವರು 122 ಮಂದಿ. ಉಳಿದವರು ನಡುವೆಯೇ ಬಿಟ್ಟುದು ಈ ಪರೀಕ್ಷೆಯ ಕೊರತೆಯೇ. ನೈಟ್ರೇಟಿಲ್ಲದ ರಸ ಕುಡಿದವರ ನಡಿಗೆ, ಮಧ್ಯಸ್ಥ ಲೆಕ್ಕದಲ್ಲಿ, 30 ಮೀಟರು ಹೆಚ್ಚಿತು. ನೈಟ್ರೇಟಿದ್ದುದನ್ನು ಕುಡಿದವರದು 60 ಮೀಟರು.

ಈ ಎರಡು ಸಂಖ್ಯೆಗಳನ್ನು ಜೊತೆಯಲ್ಲಿಟ್ಟು ಓದಬೇಕು. ಮೊದಲ 30 ಮೀಟರು ವ್ಯಾಯಾಮದ್ದು; ಆಮೇಲಿನ 30 ರಸದ್ದು. ರಸದಿಂದ ಸವೆದ ಗಾಳಿಚೀಲಗಳು ಮತ್ತೆ ಕಟ್ಟಿಕೊಳ್ಳಲಿಲ್ಲ, ಕಿರಿದಾದ ಕೊಳವೆ ತೆರೆಯಲಿಲ್ಲ. ರಸದ ನೆರವು ಸಂದುದು ರಕ್ತನಾಳಗಳಿಗೆ ಮತ್ತು ದುಡಿಯುವ ಸ್ನಾಯುವಿಗೆ ಎಂದೇ ತಿಳಿಯಬೇಕು. ಯುರೋಪಿಯನ್ ರೆಸ್ಪಿರೇಟರಿ ಜರ್ನಲಿನ 2024ರ ಸಂಪುಟದಲ್ಲಿ ಅದೇ ಕಾಲೇಜಿನವರ ಮತ್ತೊಂದು ವರದಿ ಬಂದಿದೆ. ರಕ್ತದ ಒತ್ತಡ ಏರಿದ್ದ 81 ಸಿ.ಓ.ಪಿ.ಡಿ. ರೋಗಿಗಳು ಹನ್ನೆರಡು ವಾರ ಪ್ರತಿದಿನ 70 ಮಿಲಿಲೀಟರು ರಸ ಕುಡಿದರು. ನೈಟ್ರೇಟಿನ ಪಂಗಡದಲ್ಲಿ ಮೇಲಿನ ಒತ್ತಡ ಇನ್ನೊಂದಕ್ಕಿಂತ ಸುಮಾರು 4.5 ಅಂಕ ಇಳಿಯಿತು. ಆರು ನಿಮಿಷದ ನಡಿಗೆ ಸುಮಾರು 30 ಮೀಟರು ಹೆಚ್ಚಿತು. ಆ ನಡಿಗೆಯ ಪರೀಕ್ಷೆ ನಡೆಯುವ ಓಣಿಯ ಉದ್ದವೂ 30 ಮೀಟರೇ; ಇನ್ನೊಂದು ಸಲ ಆ ತುದಿಯನ್ನು ಮುಟ್ಟಿದಂತಾಯಿತು. ಆರೋಗ್ಯವಂತರಿಗೆ ಇದು ನಗೆಯ ವಿಷಯ. ಮಹಡಿಯಲ್ಲಿ ಎರಡು ಕಡೆ ನಿಲ್ಲುವವರಿಗೆ ಅಲ್ಲ.

ನಮ್ಮ ಅಡಿಗೆಮನೆಯಿಂದ ಇಷ್ಟು ನೈಟ್ರೇಟು ದೊರೆಯದೆ ಎಂದು ಕೇಳಬಹುದು. ಪರೀಕ್ಷೆಯ ರಸ ಅಳತೆಯಿಟ್ಟು ಸೀಸೆಗೆ ತುಂಬಿದುದು. ಗಡ್ಡೆಯಿಂದ ಗಡ್ಡೆಗೆ ನೆಲ, ಗೊಬ್ಬರ, ಬಿಸಿಲುಗಳಿಗನುಸಾರವಾಗಿ ನೈಟ್ರೇಟು ಬಹಳ ವ್ಯತ್ಯಾಸವಾಗುತ್ತದೆ. ಉದ್ಯಾನದ ಬಾಗಿಲಲ್ಲಿ ನೀರು ಬೆರೆಸಿದ ಲೋಟದಲ್ಲಿ ಎಷ್ಟಿದೆಯೆಂದು ಹೇಳಬಲ್ಲವರಿಲ್ಲ. ನೈಟ್ರೇಟು ನೀರಿನಲ್ಲಿ ಕರಗುವಂಥದು. ಸೊಪ್ಪು ಬೇಯಿಸಿ ನೀರು ಚೆಲ್ಲಿದರೆ ಅದರ ದೊಡ್ಡ ಪಾಲು ಚೆಲ್ಲಿಹೋಯಿತು. ಈ ದೃಷ್ಟಿಯಿಂದ ನಮ್ಮ ಸೀಮೆಯ ಬಸ್ಸಾರು ಜಾಣತನದ ಅಡಿಗೆ. ದಂಟಿನ ಸೊಪ್ಪನ್ನೂ ಕಾಳನ್ನೂ ಬೇಯಿಸಿ ಬಸಿದ ಕಟ್ಟೇ ಸಾರಾಗುತ್ತದೆ, ಸೊಪ್ಪು ಪಲ್ಯವಾಗುತ್ತದೆ. ಯಾವುದೂ ಚರಂಡಿಗೆ ಹೋಗುವುದಿಲ್ಲ. ಬಸ್ಸಾರು ಉಂಡು ಯಾರೂ 30 ಮೀಟರು ಹೆಚ್ಚು ನಡೆದರೆಂದು ಪರೀಕ್ಷೆಗಳು ಹೇಳಿಲ್ಲ, ನಾನೂ ಹೇಳಲಾರೆ.

ಎಚ್ಚರಿಕೆಗಳೂ ಇವೆ. ಲೋಕಸಂಸ್ಥೆಗಳ ತಜ್ಞರು ನೈಟ್ರೇಟಿಗೆ ವಿಧಿಸಿದ ಮಿತಿ ದೇಹದ ತೂಕದ ಕಿಲೋಗ್ರಾಮಿಗೆ ದಿನಕ್ಕೆ 3.7 ಮಿಲಿಗ್ರಾಮು, 60 ಕಿಲೋ ತೂಗುವವರಿಗೆ 222 ಮಿಲಿಗ್ರಾಮಾಯಿತು. ಪರೀಕ್ಷೆಗಳ ಪ್ರಮಾಣ ಇದನ್ನು ಮೀರಿದುದರಿಂದ ವೈದ್ಯರನ್ನು ಕೇಳದೆ ಅದನ್ನು ಅನುಕರಿಸುವುದು ಯುಕ್ತವಲ್ಲ. ರಕ್ತದೊತ್ತಡ ತಗ್ಗಿರುವವರು, ಹೃದಯದ ನೋವಿಗೆ ನೈಟ್ರೇಟು ಜಾತಿಯ ಮಾತ್ರೆ ನುಂಗುವವರು, ಮೂತ್ರಪಿಂಡದಲ್ಲಿ ಕಲ್ಲು ಅಥವಾ ದೌರ್ಬಲ್ಯವುಳ್ಳವರು, ಮಧುಮೇಹಿಗಳು ಇನ್ನೂ ಜಾಗರೂಕರಾಗಿರಬೇಕು. ಮೂತ್ರ ಕೆಂಪಾದರೆ ಗಾಬರಿ ಬೇಡ, ಗಡ್ಡೆಯ ಬಣ್ಣವದು.

ಆ ತಾಯಿಗೆ ನಾನು ಹೇಳಿದುದು ಇಷ್ಟೆ: ಎಳೆದುಕೊಳ್ಳುವ ಔಷಧವನ್ನು ಒಂದು ದಿನವೂ ಬಿಡಕೂಡದು, ವೈದ್ಯರನ್ನು ಕೇಳಿ ನಡಿಗೆಯ ಅಭ್ಯಾಸ ಕಲಿಯಬೇಕು, ರಸದ ಮಾತು ಅದರ ಆಮೇಲೆ. ಈಗ ಅವರು ಬೆಳಿಗ್ಗೆ ಮಗನ ಜೊತೆ ಬೀದಿಯ ಕೊನೆಯವರೆಗೆ ನಡೆಯುತ್ತಾರೆ, ಕಟ್ಟೆಯ ಮೇಲೆ ಒಮ್ಮೆ ಕುಳಿತು ಹಿಂದಿರುಗುತ್ತಾರೆ. ಮೊನ್ನೆ ಊರಿನಿಂದ ಹಿರಿಯ ಸೊಸೆ ಬಂದಿದ್ದರು. ಅಡಿಗೆ ಗ್ಯಾಸಿನ ಮೇಲಾದರೂ ಸ್ನಾನದ ನೀರಿಗೂ ದನದ ಹುರುಳಿಗೂ ಇನ್ನೂ ಸೌದೆಯ ಒಲೆಯೇ ಎಂದರು. ಅತ್ತೆ ತಾವಾಗಿಯೇ ಲೆಕ್ಕ ಕೇಳಿದರು. ದಿನಕ್ಕೆ ಒಂದೂವರೆ ಗಂಟೆ, ಇಪ್ಪತ್ತೆರಡು ವರ್ಷ. ಗುಣಿಸಿದರೆ 33.