ನಿಮಗಿದು ಗೊತ್ತೇ? ಅಂಕ ಕೊಟ್ಟವರ ಕಥೆ

● 1912ರಲ್ಲಿ ಅಮೆರಿಕದ ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಒಂದೇ ಇಂಗ್ಲಿಷ್ ಉತ್ತರ ಪತ್ರಿಕೆಯನ್ನು ನೂರಕ್ಕೂ ಹೆಚ್ಚು ಶಿಕ್ಷಕರಿಂದ ತಿದ್ದಿಸಿದರು. ಒಬ್ಬರು 50 ಅಂಕ ಕೊಟ್ಟರೆ ಇನ್ನೊಬ್ಬರು 97 ಕೊಟ್ಟಿದ್ದರು! ಭಾಷಾ ವಿಷಯದಲ್ಲಿ ಇದು ಸಹಜ ಎಂದವರಿಗಾಗಿ ಮರುವರ್ಷ ರೇಖಾಗಣಿತದ ಪತ್ರಿಕೆ ಕಳಿಸಿದರು. ಅಲ್ಲಿ ಅಂತರ ಇನ್ನೂ ದೊಡ್ಡದು: ಕನಿಷ್ಠ 28, ಗರಿಷ್ಠ 90ರ ಮೇಲೆ.

● ಚೀನಾದ ಸಾಂಗ್ ಅರಸರ ಕಾಲದಲ್ಲಿ ಸರ್ಕಾರಿ ನೌಕರಿಯ ಪರೀಕ್ಷೆ ಬರೆದವರ ಹೆಸರನ್ನು ಮುಚ್ಚಿಬಿಡುತ್ತಿದ್ದರು. ಕೈಬರಹದ ಗುರುತೂ ಹತ್ತಬಾರದೆಂದು ಗುಮಾಸ್ತರು ಇಡೀ ಉತ್ತರವನ್ನು ನಕಲು ಮಾಡುತ್ತಿದ್ದರು. ಪರೀಕ್ಷಕರ ಕೈಗೆ ಹೋಗುತ್ತಿದ್ದುದು ಆ ನಕಲು ಮಾತ್ರ.

● 1890ರಲ್ಲಿ ಕೇಂಬ್ರಿಜ್‌ನ ಗಣಿತ ಪರೀಕ್ಷೆಯಲ್ಲಿ ಅತಿ ಹೆಚ್ಚು ಅಂಕ ಪಡೆದದ್ದು ಫಿಲಿಪ್ಪಾ ಫಾಸೆಟ್. ಆದರೆ ಮೊದಲ ಸ್ಥಾನಕ್ಕೆ ಸಿಗುವ ‘ಸೀನಿಯರ್ ರಾಂಗ್ಲರ್’ ಪಟ್ಟ ಆಗ ಗಂಡಸರಿಗಷ್ಟೇ ಮೀಸಲಾಗಿತ್ತು. ಹಾಗಾಗಿ ಆಕೆಯನ್ನು ‘ಸೀನಿಯರ್ ರಾಂಗ್ಲರ್‌ಗಿಂತ ಮೇಲೆ’ ಎಂದು ಘೋಷಿಸಿ ಕೈತೊಳೆದುಕೊಂಡರು.

● ಇದೇ ಪರೀಕ್ಷೆಯಲ್ಲಿ 1854ರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್‌ಗೆ ಸಿಕ್ಕಿದ್ದು ಎರಡನೇ ಸ್ಥಾನ. ರ‍್ಯಾಂಕ್ ಪ್ರಕಾರ ಹೆಸರು ಓದುವ ಪದ್ಧತಿ 1909ಕ್ಕೆ ಕೊನೆಯಾಯಿತು.

● ಗಣಿತ ಬಿಟ್ಟು ಬೇರೆ ವಿಷಯ ತಲೆಗೆ ಹಚ್ಚಿಕೊಳ್ಳದ ಶ್ರೀನಿವಾಸ ರಾಮಾನುಜನ್ ಕಾಲೇಜಿನ ಎಫ್.ಎ. ಪರೀಕ್ಷೆ ಪಾಸಾಗಲೇ ಇಲ್ಲ. 1918ರಲ್ಲಿ ಅವರು ರಾಯಲ್ ಸೊಸೈಟಿಯ ಫೆಲೊ ಆದರು.

● ಜರ್ಮನಿಯ ಶಾಲೆಯಲ್ಲಿ 1 ಬಂದರೆ ಹಬ್ಬ, 6 ಬಂದರೆ ಫೇಲು. ಪಕ್ಕದ ಸ್ವಿಟ್ಜರ್ಲೆಂಡ್‌ನಲ್ಲಿ ಇದು ಪೂರ್ತಿ ತಿರುವುಮುರುವು. ಡೆನ್ಮಾರ್ಕ್‌ನಲ್ಲಂತೂ ಅತ್ಯಂತ ಕೆಳಗಿನ ಗ್ರೇಡು ಸೊನ್ನೆಯೂ ಅಲ್ಲ, ಮೈನಸ್ 3!

● ಎಲ್ಲರಿಗೂ ‘ಎ’ ಹಂಚುವುದು ಹೆಚ್ಚಾಯಿತೆಂದು ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ 2004ರಲ್ಲಿ ‘ಎ’ ಗ್ರೇಡುಗಳನ್ನು ಶೇ 35ಕ್ಕೆ ಇಳಿಸುವ ಗುರಿ ಇಟ್ಟುಕೊಂಡಿತು. ಹತ್ತು ವರ್ಷಕ್ಕೆ ಅದನ್ನೇ ಕೈಬಿಟ್ಟಿತು.

● ಜೆಇಇ ಮೇನ್‌ನಲ್ಲಿ 100 ಪರ್ಸೆಂಟೈಲ್ ಎಂದರೆ ನೂರಕ್ಕೆ ನೂರು ಅಂಕವಲ್ಲ. ಆ ಪಾಳಿಯಲ್ಲಿ ಪರೀಕ್ಷೆ ಬರೆದವರಲ್ಲಿ ನಿಮಗಿಂತ ಮೇಲೆ ಯಾರೂ ಇಲ್ಲ ಎಂದಷ್ಟೇ ಅರ್ಥ.

● ಕೋವಿಡ್‌ನಿಂದ ಪರೀಕ್ಷೆ ನಿಂತ 2020ರಲ್ಲಿ ಇಂಗ್ಲೆಂಡ್ ಗ್ರೇಡ್ ಹಂಚುವ ಕೆಲಸವನ್ನು ಗಣಿತ ಸೂತ್ರವೊಂದಕ್ಕೆ ಒಪ್ಪಿಸಿತು. ಅದು ಶಾಲೆಯ ಹಳೆಯ ಫಲಿತಾಂಶವನ್ನೂ ಲೆಕ್ಕಕ್ಕೆ ಹಿಡಿದು, ಶಿಕ್ಷಕರು ಅಂದಾಜಿಸಿದ್ದ ಎ–ಲೆವೆಲ್ ಗ್ರೇಡುಗಳಲ್ಲಿ ಸುಮಾರು ಶೇ 40ರಷ್ಟನ್ನು ಇಳಿಸಿತು. ಹಿಂದುಳಿದ ಶಾಲೆಯ ಜಾಣರು ಬೀದಿಗಿಳಿದರು. ಕೆಲವೇ ದಿನಗಳಲ್ಲಿ ಸೂತ್ರ ರದ್ದಾಯಿತು.

● ನಮ್ಮಲ್ಲಿ 2021ರ ದ್ವಿತೀಯ ಪಿಯು ಫಲಿತಾಂಶವೂ ಪರೀಕ್ಷೆಯಿಲ್ಲದೇ ಬಂತು. ಎಸ್ಸೆಸ್ಸೆಲ್ಸಿಗೆ ಶೇ 45, ಪ್ರಥಮ ಪಿಯುಗೆ ಶೇ 45, ಆಂತರಿಕ ಮೌಲ್ಯಮಾಪನಕ್ಕೆ ಶೇ 10. ಆ ಅಂಕವನ್ನು ಮರುವರ್ಷದ ಸಿಇಟಿ ರ‍್ಯಾಂಕಿಗೆ ಪರಿಗಣಿಸಬೇಕೇ ಬೇಡವೇ ಎಂಬ ಜಗಳ ಹೈಕೋರ್ಟ್ ಮೆಟ್ಟಿಲೇರಿ, ರ‍್ಯಾಂಕ್ ಪಟ್ಟಿಯನ್ನೇ ಹೊಸದಾಗಿ ಬರೆಯಬೇಕಾಯಿತು.

● 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಅದೇ ವರ್ಷ ಕೃಪಾಂಕ ಶೇ 10ರಿಂದ 20ಕ್ಕೆ ಏರಿತು. ಅಷ್ಟಾದರೂ ಉತ್ತೀರ್ಣರ ಪ್ರಮಾಣ ಹಿಂದಿನ ವರ್ಷದ ಶೇ 83.89ರಿಂದ 73.40ಕ್ಕೆ ಕುಸಿಯಿತು.

● ಪ್ರತಿಭೆಯೋ ಪ್ರಾತಿನಿಧ್ಯವೋ ಎಂಬ ವಾದ ಮೈಸೂರಿಗೆ ಹೊಸದಲ್ಲ. ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ಸಮುದಾಯಗಳಿಗೆ ಪ್ರಾತಿನಿಧ್ಯ ಕೊಡುವ ಬಗ್ಗೆ 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿ ನೇಮಿಸಿದರು. ಇದನ್ನೊಪ್ಪದ ದಿವಾನ್ ವಿಶ್ವೇಶ್ವರಯ್ಯ ಹುದ್ದೆಯಿಂದಲೇ ಕೆಳಗಿಳಿದರು.

● ಪ್ರತಿಭೆಯ ಇದೇ ವಾದದ ಬಗ್ಗೆ 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ಸ್ಪರ್ಧಾತ್ಮಕ ಪರೀಕ್ಷೆಯ ಅಂಕವೊಂದೇ ಪ್ರತಿಭೆಯಲ್ಲ, ಓದಲು ಸಿಕ್ಕ ಅನುಕೂಲವೂ ಆ ಅಂಕದೊಳಗೆ ಸೇರಿಕೊಂಡಿರುತ್ತದೆ.

● ತಿದ್ದಿದವರ ಮೇಲೆ ಅನುಮಾನವೇ? ನಿಮ್ಮ ಉತ್ತರ ಪತ್ರಿಕೆಯನ್ನು ಮಾಹಿತಿ ಹಕ್ಕಿನಡಿ ನೋಡಬಹುದು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ತೀರ್ಪಿತ್ತಿದೆ. ಅರ್ಜಿ ಹಾಕಿ, ಕೂಡಿಸಿದ ಲೆಕ್ಕವನ್ನು ಮೊದಲು ನೋಡಿ.